ಬೀಗರ ಮನೆಗೆ ಹೋಗಿ ಬಂದ ಕಡ್ಡಿ

ಯಾರೋ ರೈಲು ನೋಡಿದ್ದಾರೆ. ಒಂದು ಸಲ ಕಣ್ಣು ಹಾಯಿಸಿ ಬಿಟ್ಟದ್ದಲ್ಲ. ಭೂಮಿಯನ್ನು ಏಳು ಸುತ್ತು ಸುತ್ತಿ ಬರುವಷ್ಟು ದೂರ, ಗಂಟೆಗಟ್ಟಲೆ, ಹಗಲುಗಟ್ಟಲೆ ನೋಡಿದ್ದಾರೆ. ತಾಳಗುಂದದ ಕಡೆಯ ರೈತನೊಬ್ಬ ಮೆಕ್ಕೆಜೋಳದ ಸುಳಿ ಕೊರೆಯುವ ಹುಳುವಿಗೆ ಔಷಧಿ ಕೇಳುತ್ತ ಎದುರಿಗೆ ನಿಂತಿದ್ದರೂ ಸಂಗಮೇಶನ ತಲೆಯೊಳಗೆ ಆ ರೈಲೇ ಓಡುತ್ತಿತ್ತು. ಬೇರೆ ದಿನವಾಗಿದ್ದರೆ ಅವನು ಆ ಹುಳುವಿನ ವಂಶಾವಳಿಯನ್ನೇ ಬಿಡಿಸಿ ಹೇಳಿ, ಅದರ ಮುತ್ತಜ್ಜ ಯಾವ ಬಂದರಿನಲ್ಲಿ ಹಡಗು ಹತ್ತಿತೆಂದು ವಿವರಿಸಿ, ತನ್ನ ಅಂಗಡಿಯ ಔಷಧಿಯ ಮುಚ್ಚಳ ತೆಗೆದರೆ ಸಾಕು, ಮೂರು ಹೊಲದಾಚೆಯ ಹುಳುಗಳೂ ಗಂಟುಮೂಟೆ ಕಟ್ಟುತ್ತವೆ ಎಂದು ನಂಬಿಸಿ ಕಳಿಸುತ್ತಿದ್ದ. ಬರೀ ಬಾಯಿಂದಲೇ ಹುಳು ಕೊಲ್ಲಬಲ್ಲ ಬೀಜದಂಗಡಿಯವನು ಶಿಕಾರಿಪುರ ತಾಲ್ಲೂಕಿನಲ್ಲಿ ಅವನೊಬ್ಬನೇ. ಇನ್ನೊಬ್ಬನಿದ್ದರೆ ಕರೆತನ್ನಿ, ತಕ್ಕಡಿಯಲ್ಲಿಟ್ಟು ತೂಗೋಣ. ಇಂದು ಮಾತ್ರ ಬಾಟಲಿಯನ್ನು ಮೂಕನಂತೆ ಮುಂದಕ್ಕೆ ಸರಿಸಿದ. ರೈತ ಅದನ್ನು ತಿರುವಿ ತಿರುವಿ ನೋಡಿ, ಇದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಅನುಮಾನದಿಂದ ಕೇಳಿದ. ಸಂಗಮೇಶ ಹೊಗಳದ ಔಷಧಿಯನ್ನು ಕೊಂಡು ಅವನಿಗೂ ಅಭ್ಯಾಸವಿರಲಿಲ್ಲ.

ಟೀವಿಯಲ್ಲಿ ನೋಡುವ, ರೈಲಿನ ಮುಂಗಾಜಿಗೆ ಕ್ಯಾಮೆರಾ ಕಟ್ಟಿ ತೆಗೆದ ಚಿತ್ರ ಅದು. ಮನುಷ್ಯರಿಲ್ಲ, ಮಾತಿಲ್ಲ, ಹಾಡಿಲ್ಲ. ಯಾವುದೋ ದೇಶದ ಹಿಮದ ಬೆಟ್ಟ, ಸುರಂಗ, ಸೇತುವೆ, ಮತ್ತೆ ಸುರಂಗ. ಕಂಬಿಗಳು ಎದುರಿನಿಂದ ಓಡಿಬಂದು ನೋಡುವವನ ಹೊಟ್ಟೆಯೊಳಗೆ ಹೊಕ್ಕು ಮಾಯವಾಗುತ್ತವೆ. ಇಂಥದನ್ನು ಕೂತು ನೋಡುವವರು ಯಾರು? ಅದೂ ಆನವಟ್ಟಿಯಲ್ಲಿ, ಅದೂ ತನ್ನ ಮಗಳು ಚೈತ್ರಶ್ರೀಯನ್ನು ಹೋದ ವರ್ಷ ಧಾರೆಯೆರೆದು ಕೊಟ್ಟ ಮನೆಯಲ್ಲಿ? ಬೀಗ ಲೋಕಪ್ಪ ಮೊಣಕಾಲಿನ ಆಪರೇಷನ್ ಆಗಿ, ಜಗಲಿಯ ಕುರ್ಚಿ ಹಿಡಿದು ರಸ್ತೆ ನೋಡುವವರು. ಬೀಗಿತಿ ಉಚ್ಚಂಗಮ್ಮ ನೆಲಕ್ಕೂ ನೋವಾಗದಂತೆ ನಡೆಯುವ ಹೆಂಗಸು. ಅಳಿಯ ತೀರ್ಥೇಶ ಬೆಳಗಿನಿಂದ ಸಂಜೆಯವರೆಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಗ್ರೀಸು ಮೆತ್ತಿಕೊಂಡಿರುವವನು. ಉಳಿದವಳು ಒಬ್ಬಳೇ. ಮನೆಯಿಂದ ದೂರ, ಬಹುದೂರ ಹೋಗುವ ರೈಲನ್ನು ಒಂದು ಹೆಣ್ಣುಮಗಳು ಹಗಲೆಲ್ಲ ನೋಡುತ್ತಾಳೆಂದರೆ ಅದರ ಅರ್ಥವನ್ನು ಹೇಳಲು ಪಂಡಿತರೇ ಬರಬೇಕೆ?

ಇದೆಲ್ಲ ಆದದ್ದು ಕಡ್ಡಿಯಿಂದ. ಟೀವಿಯ ಬೆನ್ನಿಗೆ ಸಿಕ್ಕಿಸಿದರೆ ಇಂಟರ್ನೆಟ್ಟಿನ ಚಿತ್ರಗಳನ್ನೆಲ್ಲ ತೋರಿಸುವ, ಹೆಬ್ಬೆರಳಿನಷ್ಟು ಕರಿಯ ಕಡ್ಡಿ. ಅದನ್ನು ಕೊಂಡು ತಂದ ದಿನ ಸಂಗಮೇಶ ಬೀದಿಯವರಿಗೆಲ್ಲ, ಇನ್ನು ಮೇಲೆ ಜಗತ್ತಿನ ಸಕಲ ಸಿನಿಮಾ, ಸಕಲ ನಾಟಕ, ಹುಲಿ ಬೇಟೆಯಾಡುವುದು, ತಿಮಿಂಗಿಲ ಹೆರುವುದು, ಎಲ್ಲವೂ ತನ್ನ ನಡುಮನೆಯಲ್ಲೇ ಎಂದು ಸಾರಿದ್ದ. ಕ್ಷೌರಕ್ಕೆ ಕೂತಾಗ ಹೇಳಿದ್ದು ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿ, ಇನ್ನೂ ತೆಗೆಯದ ಸಿನಿಮಾಗಳೂ ಅದರಲ್ಲಿ ಇವೆ ಎಂಬಲ್ಲಿಗೆ ಮುಟ್ಟಿತ್ತು. ಆದರೆ ನಡುಮನೆಯಲ್ಲಿ ನಡೆದದ್ದೇ ಬೇರೆ. ಸಾಲು ಸಾಲು ಚಿತ್ರಗಳು ಬಂದು ನಿಲ್ಲುತ್ತಿದ್ದವು, ಸಂತೆಯಲ್ಲಿ ಕೂಗುವ ವ್ಯಾಪಾರಿಗಳ ಹಾಗೆ. ಇದನ್ನು ಮುಟ್ಟಿದರೆ ಅದು ಕರೆಯುತ್ತಿತ್ತು, ಅದನ್ನು ತೆರೆದರೆ ಮತ್ತೊಂದು. ಎಲ್ಲವನ್ನೂ ಒಂದೊಂದು ನಿಮಿಷ ನೋಡಿ ಬಿಡುವುದರಲ್ಲಿ ಊಟದ ಹೊತ್ತಾಗಿ, ಏನು ನೋಡಿದಿರಿ ಎಂದು ಹೆಂಡತಿ ಸರ್ವಮಂಗಳ ಕೇಳಿದರೆ ಅವನು ಗೊಣಗುತ್ತ ತಟ್ಟೆಗೆ ಕೈ ಹಾಕುತ್ತಿದ್ದ. ಅದಕ್ಕಿಂತ ಅವಮಾನದ್ದೆಂದರೆ, ‘ನಿಮಗಾಗಿ ಆರಿಸಿದ್ದು’ ಎಂದು ಕಡ್ಡಿ ತಾನೇ ಒಂದು ಸಾಲು ಜೋಡಿಸಿ ಕೊಡುತ್ತಿತ್ತು: ಹೊಟ್ಟೆಯುಬ್ಬರಕ್ಕೆ ಮನೆಮದ್ದು, ಹಾವು ಹಿಡಿಯುವವರು, ಗೊರಕೆ ನಿಲ್ಲಿಸುವ ಬಗೆ. ತಾನು ಯಾರೆಂದು ಇಡೀ ಊರಿಗೇ ಹೇಳುತ್ತ ಬಂದವನಿಗೆ, ನೀನು ಇಷ್ಟೇ ಎಂದು ಒಂದು ಕಡ್ಡಿ ಹೇಳುವುದೆಂದರೇನು? ಅವನು ಟೀವಿ ಆರಿಸಿ ಕತ್ತಲ ಗಾಜಿನಲ್ಲಿ ತನ್ನ ಮುಖವನ್ನು ನೋಡಿಕೊಳ್ಳುತ್ತಿದ್ದ. ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಕುತೂಹಲದಿಂದ, ಹೌದೇ, ಇವನು ಇಷ್ಟೇನೇ, ಎಂದು.

ಕೊಂಡದ್ದು ಸಪ್ಪೆಯೆಂದು ಊರೆದುರು ಒಪ್ಪಿಕೊಳ್ಳುವುದಕ್ಕಿಂತ ಅದನ್ನು ದಾನ ಮಾಡಿ ದೊಡ್ಡವನಾಗುವುದು ಮೇಲು. ಲೋಕಪ್ಪನವರ ಕಾಲು ನೋಡಲು ಆನವಟ್ಟಿಗೆ ಹೋದಾಗ ಕಡ್ಡಿಯನ್ನು ಜೇಬಿನಿಂದ ವಜ್ರದ ಹರಳಿನ ಹಾಗೆ ತೆಗೆದು, ಕಾಲು ನೆಟ್ಟಗಾಗುವ ತನಕ ಇಟ್ಟುಕೊಳ್ಳಿ, ಇದು ಬಂದ ಮೇಲೆ ನಮ್ಮ ಬೀದಿಯಲ್ಲಿ ಕಾಯಿಲೆ ಬಿದ್ದವರೆಲ್ಲ ಎದ್ದು ಓಡಾಡುತ್ತಿದ್ದಾರೆ ಎಂದು ಅವರ ಅಂಗೈಗೆ ಹಾಕಿ ಬಂದಿದ್ದ. ನಿನ್ನೆ ಸಂಜೆ ಅಳಿಯ ಅಂಗಡಿಗೆ ಬಂದು ಕಡ್ಡಿಯನ್ನು ಹಿಂದಿರುಗಿಸಿ ಹೋದ. ಕೂರಲಿಲ್ಲ, ಗಾಡಿ ನಿಲ್ಲಿಸಿ ಬಂದಿದ್ದೇನೆ ಎಂದ. ಕೊಟ್ಟದ್ದು ಸ್ಟೀಲು ಡಬ್ಬಿಯಲ್ಲಿ, ಮಂಡಕ್ಕಿ ಉಂಡೆಗಳ ನಡುವೆ. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಹಿಡಿ ಅಕ್ಕಿಯೋ ಬೆಲ್ಲದ ಚೂರೋ ಹಾಕಿ ಕೊಡಬೇಕು. ಕಡ್ಡಿಯ ಒಳಗೆ ಅಕ್ಕಿ ಹಾಕಲು ಜಾಗವಿಲ್ಲದ್ದರಿಂದ ಉಚ್ಚಂಗಮ್ಮ ಹಾಗೆ ಮಾಡಿದ್ದರು. ಆದರೆ ಮನೆಗೆ ಹೋಗಿ ಸಿಕ್ಕಿಸಿ ನೋಡಿದರೆ ಕಡ್ಡಿಯೂ ಬರಿದಾಗಿ ಬಂದಿರಲಿಲ್ಲ. ನೋಡಿ ಬಿಟ್ಟದ್ದನ್ನೆಲ್ಲ ನೆನಪಿಟ್ಟುಕೊಂಡು ಸಾಲಾಗಿ ತೋರಿಸಿ, ಯಾವುದು ಎಲ್ಲಿಗೆ ನಿಂತಿತೆಂದು ಪ್ರತಿ ಚಿತ್ರದ ಅಡಿಗೂ ಒಂದು ಕೆಂಪು ಗೆರೆ ಎಳೆದಿಡುವುದು ಅದರ ಚಾಳಿ. ಬೀಗರ ಮನೆಯ ಹಗಲುಗಳೆಲ್ಲ ಅದರೊಳಗೆ ತುಂಬಿಕೊಂಡು ಬಂದಿದ್ದವು.

ಮೊದಲು ಆ ರೈಲು, ಪೂರ್ತಿ ಕೆಂಪು. ಅದರ ಹಿಂದೆ ರಾಶಿ ರಾಶಿ ತುಂಡುಗಳು. ದೇವಾನುದೇವತೆಗಳ ಕಥೆ, ಗೆರೆ ಇರುವೆಯಷ್ಟು. ಹುಡುಗ ಹುಡುಗಿ ಕೊಡೆ ಹಿಡಿದು ನಗುವ ಪ್ರೇಮಕಥೆ, ಇರುವೆಯಷ್ಟು. ಮತ್ತೊಂದು ಪುರಾಣ, ಮತ್ತೊಂದು ಪ್ರೇಮ, ಮತ್ತೊಂದು ಪುರಾಣ. ಎಲ್ಲವೂ ಕುತ್ತಿಗೆಯ ಹತ್ತಿರವೇ ಕಡಿದು ಬಿಟ್ಟಂತೆ ನಿಂತಿದ್ದವು. ಸಂಗಮೇಶ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಆ ಗೆರೆಗಳನ್ನು ನೋಡಿದ. ಯಾವ ಸಿನಿಮಾವನ್ನೂ ಅವನು ಅಷ್ಟು ಏಕಾಗ್ರತೆಯಿಂದ ನೋಡಿರಲಿಲ್ಲ. ಕೂತಳು, ಹಾಕಿದಳು, ಒಳಗಿನಿಂದ ಕೂಗಿದರು, ಎದ್ದಳು. ಮತ್ತೆ ಕೂತಳು, ಮತ್ತೆ ಕೂಗಿದರು. ಹೀಗೆ ಒಂದು ಕಥೆಯನ್ನೂ ಮುಗಿಸಲು ಬಿಡದ ಮನೆಯಲ್ಲಿ ಅವಳಿಗೆ ಉಳಿದದ್ದು ರೈಲು. ಹಾಗೆಂದು ಕೆಂಪು ಗೆರೆಗಳು ಹೇಳಿದವು, ಅಥವಾ ಅವನು ಹೇಳಿಸಿದ.

ಮಧ್ಯಾಹ್ನ ರೊಟ್ಟಿ ಬಡಿಸುತ್ತಿದ್ದ ಸರ್ವಮಂಗಳಗೆ ಇದನ್ನು ಹೇಳಿದಾಗ ಅವನ ಮಾತಿನಲ್ಲಿ ರೈಲು ಆಗಲೇ ಮೂರು ದೇಶ ದಾಟಿತ್ತು, ಅತ್ತೆ ಕೈಯಲ್ಲಿ ಸೌಟು ಹಿಡಿದಿದ್ದಳು, ಮಗಳು ಒಂದು ಸುತ್ತು ಬಡವಾಗಿದ್ದಳು. ಸರ್ವಮಂಗಳ, ಬೆಳಿಗ್ಗೆ ಫೋನು ಮಾಡಿದಾಗ ಅವಳನ್ನೇ ಕೇಳಬಹುದಿತ್ತಲ್ಲ ಎಂದಳು. ಕೇಳಿದೆ, ಚೆನ್ನಾಗಿದೀನಿ ಅಂದಳು ಎಂದ.

“ಅಷ್ಟೊತ್ತೂ ನೀವೇ ಮಾತಾಡಿದ್ರಿ,” ಎಂದಳು ಸರ್ವಮಂಗಳ. “ಅಕಿ ಹೂಂ ಅಂದಿದ್ದೊಂದೇ ನನಗೆ ಕೇಳಿಸಿದ್ದು. ಹೋಗಿ ನೋಡ್ಕಂಡು ಬರ್ರಿ. ಹೋಗಿ ಬಾಯಿ ಮುಚ್ಕಂಡು ಕೂತು ನೋಡ್ರಿ.”

ಬಂದ ಡಬ್ಬಿಯೂ ಬರಿದಾಗಿ ಹೋಗಬಾರದಲ್ಲ. ಅವಳು ಅದಕ್ಕೆ ಶೇಂಗಾ ಉಂಡೆ ತುಂಬಿದಳು. ಅವನು, ಬೀಗರು ಇನ್ನಷ್ಟು ದಿನ ಇಟ್ಟುಕೊಳ್ಳಲಿ ಎಂಬ ನೆವ ಹೂಡಿ, ಕಡ್ಡಿಯನ್ನೂ ಉಂಡೆಗಳ ಮೇಲಿಟ್ಟು ಮುಚ್ಚಳ ಹಾಕಿದ.

ಬೈಕು ಶಿರಾಳಕೊಪ್ಪದ ದಾರಿ ಹಿಡಿಯಿತು. ಎರಡೂ ಬದಿ ತೆನೆ ಕಟ್ಟುತ್ತಿದ್ದ ಮೆಕ್ಕೆಜೋಳ. ಯಾವ ಹೊಲ ತನ್ನ ಅಂಗಡಿಯ ಬೀಜ, ಯಾವುದು ಎದುರು ಅಂಗಡಿಯದು ಎಂದು ನೂರು ಮಾರು ದೂರದಿಂದಲೇ ಹೇಳಬಲ್ಲ ಕಣ್ಣು ಅವನದು; ತನ್ನ ಬೀಜದ ಹೊಲದಲ್ಲಿ ಗಾಳಿಯೂ ಬೇರೆ ಥರ ಬೀಸುತ್ತದೆ ಎನ್ನುತ್ತಿದ್ದ. ಈ ಕಡೆಗೆ ರೈಲು ಬರುತ್ತದೆ ಬರುತ್ತದೆ ಎಂದು ಕೇಳುತ್ತಲೇ ಅವನ ಕೂದಲು ನರೆತಿತ್ತು, ಬರದ ರೈಲಿನ ಬಗ್ಗೆ ಅವನೇ ಎಷ್ಟು ಕಥೆ ಕಟ್ಟಿರಲಿಲ್ಲ. ಈಗ ನೋಡಿದರೆ ರೈಲು ಬೇರೆ ದಾರಿಯಿಂದ, ಹೆಬ್ಬೆರಳಿನಷ್ಟು ಕಡ್ಡಿಯೊಳಗಿಂದ ಬಂದು ಅವನ ಮಗಳನ್ನು ಹತ್ತಿಸಿಕೊಂಡಿತ್ತು. ಹೆಣ್ಣು ನೋಡಲು ಬಂದ ದಿನ ಉಚ್ಚಂಗಮ್ಮ, ನಿನಗೆ ಅಡುಗೆಯಲ್ಲಿ ಯಾವುದು ಚೆನ್ನಾಗಿ ಬರುತ್ತದಮ್ಮ ಎಂದು ಮೆತ್ತನೆಯ ದನಿಯಲ್ಲಿ ಕೇಳಿದ್ದರು. ಚೈತ್ರಶ್ರೀ ಬಾಯಿ ತೆರೆಯುವಷ್ಟರಲ್ಲಿ ಸಂಗಮೇಶ, ಇವಳು ಮಾಡಿದ ಹೋಳಿಗೆಯ ವಾಸನೆಗೆ ಬಸ್ಸು ನಿಲ್ಲಿಸಿದ ಡ್ರೈವರ್ ಇದ್ದಾನೆ ಎಂದುಬಿಟ್ಟ. ಎಲ್ಲರೂ ನಕ್ಕರು. ನಿಮಗೆ ಏನಿಷ್ಟ ಎಂದು ಹುಡುಗ ಕೇಳಿದ. ಅದಕ್ಕೂ ಸಂಗಮೇಶನೇ ಉತ್ತರ ಕೊಟ್ಟ; ಏನು ಕೊಟ್ಟನೆಂದು ಈಗ ನೆನಪಿಲ್ಲ, ದೊಡ್ಡದೇ ಇರಬೇಕು. ಮಗಳ ತುಟಿ ತೆರೆದು ಮುಚ್ಚಿದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಏನು ಹೇಳುವವಳಿದ್ದಳು? ಎದುರಿಗೆ ಲಾರಿಯೊಂದು ಹಾರ್ನು ಹೊಡೆದು ಮೈಮೇಲೆಯೇ ಬಂದಂತಾಗಿ ಅವನು ಬೈಕನ್ನು ಮಣ್ಣಿಗಿಳಿಸಿದ. ಆ ಲಾರಿ ಆನೆಯಷ್ಟು ದೊಡ್ಡದಿತ್ತು. ಆನೆಯೇನು, ಆನೆಗಳ ಮೆರವಣಿಗೆಯಷ್ಟು. ಡಬ್ಬಿಯೊಳಗೆ ಉಂಡೆಗಳು ಉರುಳಿದ ಸದ್ದು ಕೇಳಿತು. ಇಪ್ಪತ್ತಾರು ವರ್ಷ ಕಣ್ಣೆದುರಿಗಿದ್ದ ಹುಡುಗಿಗೆ ಏನಿಷ್ಟವೆಂದು ತನಗೆ ಗೊತ್ತಿಲ್ಲ ಎಂಬುದು ಕುಬಟೂರಿನ ತಿರುವಿನ ಹತ್ತಿರ ಅವನಿಗೆ ಮೊದಲ ಸಲ ಹೊಳೆಯಿತು. ಗಾಬರಿಯಾಗಬೇಕಿತ್ತು, ವಿಚಿತ್ರವೆಂದರೆ ಆದದ್ದು ಆಶ್ಚರ್ಯ. ತನ್ನ ಹಿತ್ತಿಲಲ್ಲೇ ಇದ್ದ ಗಿಡದ ಹೆಸರು ಗೊತ್ತಿಲ್ಲದವನ ಆಶ್ಚರ್ಯ.

ಲೋಕಪ್ಪ ಜಗಲಿಯಲ್ಲಿ ರಸ್ತೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದರು, ಬಲಗಾಲು ಮುಂದೆ ಚಾಚಿ. ಆಪರೇಷನ್ ಆಗುವವರೆಗೂ ತಮ್ಮ ಸ್ವಂತ ಭತ್ತದ ಲಾರಿಯನ್ನು ತಾವೇ ಓಡಿಸಿದವರು ಅವರು. ಹುಬ್ಬಳ್ಳಿಯ ದಾರಿಯ ಪ್ರತಿ ಗುಂಡಿಯನ್ನೂ ಹೆಸರಿಟ್ಟು ಕರೆಯಬಲ್ಲವರು. ಬನ್ನಿ ಬೀಗ್ರೆ ಎಂದು ಕೈಮುಗಿದು, ಸಂಗಮೇಶ ಕೂರುವ ಮೊದಲೇ, ಕಡ್ಡಿ ಸರಿಯಾಗಿ ತಲುಪಿತೋ ಎಂದು ವಿಚಾರಿಸಿದರು. ಬಹಳ ದಿನ ಇಟ್ಟುಕೊಂಡರೆ ಚೆನ್ನಾಗಿರುವುದಿಲ್ಲವೆಂದು ತಾವೇ ಮಗನನ್ನು ಒತ್ತಾಯಿಸಿ ಕಳಿಸಿದ್ದಂತೆ.

“ನಿಮ್ಮದು ಯಾವುದನ್ನೂ ನಾವು ಮುಟ್ಟಿಲ್ಲ,” ಎಂದರು, ದನಿ ತಗ್ಗಿಸಿ.

“ನಮ್ಮದು ಅಂದ್ರೆ?”

“ನೀವು ಅರ್ಧ ನೋಡಿ ಬಿಟ್ಟಿದ್ದು ಇತ್ತಲ್ಲ ಅದರಲ್ಲಿ. ಜನ ನಮ್ಮ ಮಾತು ನಂಬಬೇಕಾದ್ರೆ ಎಂತ ಮಾಡ್ಬೇಕು ಅಂತ. ಹನ್ನೆರಡು ಗುಟ್ಟು. ನೀವು ನಾಕನೇದ್ರಲ್ಲಿ ನಿಲ್ಸಿದ್ರಿ. ಐದನೇದು ಎಂತ ಇರಬಹುದು ಅಂತ ನಮಗೂ ಒಂದು ಆಸೆ. ಆದ್ರೆ ನಿಮ್ಮನ್ನ ಕೇಳದೆ ಮುಂದೆ ಓಡ್ಸೋದು ಸರಿಯಲ್ಲ ನೋಡಿ, ಹಂಗೇ ಬಿಟ್ವಿ.”

ಸಂಗಮೇಶನ ಕಿವಿಗಳು ಕಾದ ಹಂಚಿನಂತಾದವು. ರೊಟ್ಟಿ ಬಡಿದಿದ್ದರೆ ಬೇಯುತ್ತಿತ್ತು. ಪಾತ್ರೆ ಹೋಗುವಾಗಲೂ ಬರಿದಾಗಿ ಹೋಗಿರಲಿಲ್ಲ. ತಾನು ಯಾರಿಗೂ ಕಾಣದೆ ತೆರೆದು ಮುಚ್ಚಿದ್ದೆಲ್ಲ, ಹೊಟ್ಟೆಯುಬ್ಬರ, ಗೊರಕೆ, ನಂಬಿಕೆಯ ಗುಟ್ಟು, ಎಲ್ಲವೂ ಈ ನಡುಮನೆಯಲ್ಲಿ ಸಾಲಾಗಿ ನಿಂತು ಬೀಗರಿಗೆ ನಮಸ್ಕಾರ ಮಾಡಿದ್ದವು. ಇವರು ನಕ್ಕಿರಬೇಕು. ಇಲ್ಲ, ನಕ್ಕಿರಲಾರರು, ಅದು ಇನ್ನೂ ಕೆಟ್ಟದ್ದು. ಮಗಳು ಪಕ್ಕದಲ್ಲೇ ಕೂತಿದ್ದಳೇ? ಅದು ಅಂಗಡಿಗೆ ಬರುವ ರೈತರಿಗೆ ತಿಳಿಸಿ ಹೇಳಲು ನೋಡಿದ್ದು ಎಂದು ಅವನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಲೋಕಪ್ಪನವರೇ, ರೈತರಿಗೋಸ್ಕರ ನೋಡಿದ್ದಂತೆ, ಚೈತ್ರಮ್ಮ ಹೇಳಿದಳು ಎಂದರು. ಅವನು ಹೇಳಬೇಕಿದ್ದ ಸುಳ್ಳನ್ನು ಅವಳು ಆಗಲೇ ಹೇಳಿಟ್ಟಿದ್ದಳು.

ಅವಳೇ ನೀರು ತಂದಳು. ಅಪ್ಪಾಜಿ ಎಂದಳು, ಅವ್ವ ಹೇಗಿದ್ದಾಳೆ ಎಂದಳು. ಸಂಗಮೇಶ ನೀರು ಕುಡಿಯುತ್ತ ಲೋಟದ ಅಂಚಿನ ಮೇಲಿನಿಂದ ಅವಳ ಮುಖವನ್ನು ನೋಡಿದ. ಒಂದು ಎಲೆ ತೋರಿಸಿದರೆ ಸಾಕು, ಕೆಳಗಿನಿಂದ ಹಳದಿಯಾದರೆ ಇಂಥ ಕೊರತೆ, ತುದಿಯಿಂದ ಒಣಗಿದರೆ ಇಂಥ ಕೊರತೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವವನು ಅವನು. ಈ ಮುಖದಲ್ಲಿ ಹಳದಿ ಎಲ್ಲಿಯೂ ಇರಲಿಲ್ಲ. ಹಸಿರಿದೆಯೆಂದು ಹೇಳುವ ಧೈರ್ಯವೂ ಬರಲಿಲ್ಲ. ಒರೆಸಿಟ್ಟ ತಟ್ಟೆಯಂತೆ ಅಚ್ಚುಕಟ್ಟಾಗಿತ್ತು. ಉಚ್ಚಂಗಮ್ಮ ಬಾಗಿಲಲ್ಲಿ ನಿಂತು, ಅಪ್ಪನ ಹತ್ತಿರ ಕೂತುಕೋ ತಾಯಿ, ಚಾ ನಾನು ಮಾಡುತ್ತೇನೆ ಎಂದರು. ಇಲ್ಲ ಅತ್ತೆ, ನೀವು ಕೂತುಕೊಳ್ಳಿ, ನಾನು ಮಾಡುತ್ತೇನೆ ಎಂದಳು ಮಗಳು. ಇಬ್ಬರೂ ಒಬ್ಬರನ್ನೊಬ್ಬರು ಕೂರಿಸಲು ಹೋಗಿ ಇಬ್ಬರೂ ನಿಂತೇ ಇದ್ದರು, ಚಾ ಬಹಳ ಹೊತ್ತು ಬರಲಿಲ್ಲ.

ಸಂಗಮೇಶ ಡಬ್ಬಿ ತೆರೆದು ಕಡ್ಡಿಯನ್ನು ಟೀವಿಗೆ ಸಿಕ್ಕಿಸಿದಾಗ ಲೋಕಪ್ಪ ಒಳಗೆ ಬಂದು ಕೂತರು, ಬೇಡ ಬೇಡ ಎನ್ನುತ್ತಲೇ ರಿಮೋಟನ್ನು ಕೈಗೆ ತೆಗೆದುಕೊಂಡರು. ಅವರ ಬೆರಳು ಎಲ್ಲಿಯೂ ತಡೆಯದೆ ರೈಲಿಗೆ ಹೋಯಿತು. ಹಿಮ, ಕಂಬಿ, ಸುರಂಗದ ಕಪ್ಪು ಬಾಯಿ. ತಿರುವು ಬಂದಾಗ ಚಾಚಿದ್ದ ಬಲಗಾಲಿನ ಪಾದ ಬ್ರೇಕು ತುಳಿದಂತೆ ನಿಧಾನವಾಗಿ ನೆಲವನ್ನು ಒತ್ತಿತು. ತಿರುವು ಮುಗಿದಾಗ ಸಡಿಲವಾಯಿತು. ಇಳಿಜಾರಿನಲ್ಲಿ ಮತ್ತೆ ಒತ್ತಿತು. ಅವರ ಭುಜವೂ ಇಷ್ಟಿಷ್ಟೇ ವಾಲುತ್ತಿತ್ತು. ಡಾಕ್ಟರು ಹೇಳಿದ ವ್ಯಾಯಾಮ ಒಂದು ದಿನ ಮಾಡಲಿಲ್ಲ, ಇದರಲ್ಲೇ ಕಾಲು ಮಡಿಸುವಂತಾಗಿದೆ ಎಂದು ಉಚ್ಚಂಗಮ್ಮ ಚಾ ಇಡುತ್ತ ಹೇಳಿದರು. ಸಂಗಮೇಶ ಆ ಪಾದವನ್ನೇ ನೋಡಿದ. ಹಿಮಾಲಯದಷ್ಟು ದೊಡ್ಡ ಭಾರವೊಂದು ಅವನ ಎದೆಯಿಂದ ಜಾರಿ ಬಿತ್ತು, ಅದರ ಜೊತೆಯಲ್ಲೇ ಒಂದು ಸಣ್ಣ ನಿರಾಸೆಯೂ ಸುಳಿಯಿತು. ಅಷ್ಟು ದೊಡ್ಡ ದುಃಖವನ್ನು ಕಟ್ಟಿಕೊಂಡು ಬಂದದ್ದು ಇಷ್ಟಕ್ಕೇ? ಆ ನಿರಾಸೆಗಾಗಿ ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು. ಮಗಳು ರೈಲು ಹತ್ತಿರಲಿಲ್ಲ. ಸರಿ. ಹಾಗಾದರೆ ಆ ಕಡಿದ ತುಂಡುಗಳು ಯಾರವು?

ಒಂದು ಸುರಂಗ ದಾಟಿದ ಮೇಲೆ ಲೋಕಪ್ಪ, ಇನ್ನು ನೀವು ಹೆಂಗಸರು ನೋಡಿಕೊಳ್ಳಿ ಎಂದು ರಿಮೋಟನ್ನು ಹೆಂಡತಿಯ ಕಡೆ ಚಾಚಿದರು. ಉಚ್ಚಂಗಮ್ಮ ಅದನ್ನು ಸೊಸೆಗೆ ಕೊಟ್ಟರು, ನಿನಗಿಷ್ಟವಾದದ್ದು ಹಾಕು ತಾಯಿ ಎಂದು. ಸೊಸೆ, ನಿಮಗೆ ಯಾವುದೋ ಅದೇ ಅತ್ತೆ ಎಂದು ಒಂದು ಪುರಾಣ ಹಾಕಿದಳು. ಕಿರೀಟ ಧರಿಸಿದವರು ಮೋಡಗಳ ಮೇಲೆ ನಿಂತು ಒಬ್ಬರನ್ನೊಬ್ಬರು ದಿಟ್ಟಿಸಿದರು. ಸಂಗಮೇಶ ಪರದೆ ಬಿಟ್ಟು ನೋಡುವವರನ್ನು ನೋಡತೊಡಗಿದ. ಉಚ್ಚಂಗಮ್ಮನವರ ಕಣ್ಣುಗಳು ಪರದೆಯ ಮೇಲಿದ್ದವು, ಆದರೆ ಉಸಿರು ನಿದ್ದೆಯದಾಗಿತ್ತು. ಮಗಳು ಗೋಡೆಯ ಮೂಲೆಯಲ್ಲಿ ಹಲ್ಲಿಯೊಂದು ನುಸಿಗೆ ಹೊಂಚುವುದನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅತ್ತೆ ಎಚ್ಚೆತ್ತು, ಪಾಪ ನಿನಗೆ ಬೇಜಾರು, ನಿನ್ನ ವಯಸ್ಸಿನವರದು ನೋಡೋಣ ಎಂದು ತಾವೇ ರಿಮೋಟು ತೆಗೆದುಕೊಂಡು ಪ್ರೇಮಕಥೆ ಹಾಕಿದರು. ಹುಡುಗ ಹುಡುಗಿ ಕೊಡೆ ಹಿಡಿದು ನಕ್ಕರು. ಮಗಳು ಸೆರಗಿನ ದಾರ ಎಳೆಯತೊಡಗಿದಳು. ಇನ್ನು ಸ್ವಲ್ಪ ಹೊತ್ತಿಗೆ ಅವಳು, ಇದು ಬೇಡ ಅತ್ತೆ, ನಿಮ್ಮದೇ ಇರಲಿ ಎಂದು ಮತ್ತೊಂದು ಪುರಾಣ ತೆರೆದಳು. ಕೆಂಪು ಗೆರೆಗಳು ಅವನ ಕಣ್ಣೆದುರೇ ಇರುವೆಗಳಂತೆ ಹುಟ್ಟುತ್ತಿದ್ದವು.

ಯಾರೂ ಅವಳನ್ನು ಕೂಗಿ ಎಬ್ಬಿಸಿರಲಿಲ್ಲ. ಸೌಟು ಹಿಡಿದ ಅತ್ತೆ ಇರಲಿಲ್ಲ. ಇಬ್ಬರು ಒಳ್ಳೆಯ ಹೆಂಗಸರು, ಯಾರಿಗೂ ಬೇಡದ ಕಥೆಗಳನ್ನು ಒಬ್ಬರಿಗಾಗಿ ಒಬ್ಬರು ಹಾಕಿಕೊಂಡು, ಸಹಿಸಿಕೊಂಡು, ಬಿಡುತ್ತ ಬಂದಿದ್ದರು, ಕಡ್ಡಿ ಬಂದ ದಿನದಿಂದ. ಸಂಗಮೇಶನಿಗೆ ನಗು ಬಂತು, ಬಂದ ಹಾಗೆಯೇ ಹೋಯಿತು. ಜಗಳದ ಮನೆಯಾಗಿದ್ದರೆ ಕೂಗಿ ಹೇಳಿ ಕರೆದುಕೊಂಡು ಹೋಗಬಹುದಿತ್ತು. ಇಲ್ಲಿಂದ ಯಾವ ದೂರು ಹೊತ್ತು ಹೋಗುವುದು? ಹೀಗೆಯೇ ಹತ್ತು ವರ್ಷವಾಗಬಹುದು, ಇಪ್ಪತ್ತಾಗಬಹುದು, ತಾಯಿ ಎಂದು ಇವರು, ಅತ್ತೆ ಎಂದು ಇವಳು, ನೆಂಟರ ಮನೆಗೆ ಬಂದವಳಂತೆ ಹಾಸಿಗೆಯ ಅಂಚಿನಲ್ಲಿ ಕೂತು ಮುದುಕಿಯಾಗಬಹುದು. ತನ್ನ ಮನೆಯಲ್ಲೇ, ಬದನೆಕಾಯಿ ಎಂದರೆ ಸರ್ವಮಂಗಳಗೆ ಆಗುತ್ತದೋ ಇಲ್ಲವೋ? ದಿನ ಬಿಟ್ಟು ದಿನ ಎಣ್ಣೆಗಾಯಿ ಮಾಡಿ ಅವನ ತಟ್ಟೆಗೆ ಬಡಿಸುತ್ತಾಳೆ. ಅವಳ ತಟ್ಟೆಯಲ್ಲಿ ಏನಿರುತ್ತದೆಂದು ಅವನು ತನ್ನ ಮಾತಿನ ನಡುವೆ ಎಂದಾದರೂ ಬಗ್ಗಿ ನೋಡಿದ್ದುಂಟೇ? ಪರದೆಯ ಮೇಲೆ ಗುಡುಗಿತು. ಒಬ್ಬ ಕಿರೀಟಧಾರಿ ಕಣ್ಣರಳಿಸಿದ, ಇನ್ನೊಬ್ಬ ಕಣ್ಣರಳಿಸಿದ. ಬಾಯಿ ಮುಚ್ಚಿಕೊಂಡು ಕೂರಬೇಕೆಂಬ ಹೆಂಡತಿಯ ಮಾತು ನೆನಪಿತ್ತು. ಆದರೆ ಬಾಯಿ ಎಂಬುದು ಸಂಗಮೇಶನ ಮೈಯಲ್ಲಿ ಎಲ್ಲಕ್ಕಿಂತ ಮೊದಲು ಹುಟ್ಟಿದ್ದು. ಅದು ಅವನನ್ನು ಕೇಳಿ ತೆರೆಯುತ್ತಿರಲಿಲ್ಲ.

“ನಮ್ಮ ಚೈತ್ರಾಗೆ ದೇವರ ಸೀರಿಯಲ್ಲು ಅಂದ್ರೆ ಅಲರ್ಜಿ ರೀ ಬೀಗಿತೇರೇ,” ಎಂದ. “ಚಿಕ್ಕಾಕಿ ಇದ್ದಾಗ ಟೀವಿಯಾಗ ಕಿರೀಟ ಕಂಡ್ರ ಸಾಕು, ಮೈತುಂಬ ಗಂಧೆ ಏಳ್ತಿದ್ದುವು. ಶಿವಮೊಗ್ಗದ ದೊಡ್ಡ ಡಾಕ್ಟ್ರು ಚೀಟಿ ಬರೆದು ಕೊಟ್ಟಾರ, ಈ ಕೂಸಿಗೆ ಪುರಾಣ ತೋರಿಸಬ್ಯಾಡ್ರಿ ಅಂತ.”

ಲೋಕಪ್ಪನವರ ಪಾದ ನೆಲವನ್ನು ಒತ್ತಿತು. ಚೈತ್ರಶ್ರೀ ತಂದೆಯನ್ನು ನೋಡಿದ ನೋಟದಲ್ಲಿ ಒಂದು ಮೂಟೆ ಬೀಜ ಹುರಿದುಹೋಗಬಹುದಿತ್ತು. ಹೇಳಿದ ಮೇಲೆ ಅವನಿಗೆ ಭಯವಾಯಿತು. ಬೆಳಗಾದರೆ ವಿಭೂತಿ ಧರಿಸಿ ಪೂಜೆಗೆ ಕೂರುವ ಮನೆ. ಸೊಸೆಗೆ ದೇವರ ಕಥೆ ಆಗುವುದಿಲ್ಲವೆಂದು ಅವಳ ಹೆತ್ತ ಅಪ್ಪನೇ ಸಾರಿದ್ದಾನೆ. ಹೆಣ್ಣು ನೋಡಲು ಬಂದ ದಿನದಂತೆ ಇವತ್ತೂ ತಾನೇ ಮಾತಾಡಿ ಮಗಳ ಬಾಯಿಗೆ ಬೀಗ ಜಡಿದೆನೇ? ಆದರೆ ಅಂದು ಎಲ್ಲರೂ ನಕ್ಕಿದ್ದರು. ಇಂದು ಯಾರೂ ನಗಲಿಲ್ಲ. ಉಚ್ಚಂಗಮ್ಮ ಕತ್ತು ತಿರುಗಿಸಿ, ಅವನನ್ನು ಬಿಟ್ಟು, ಸೊಸೆಯನ್ನು ನೋಡಿ ಕೇಳಿದರು.

“ಗಂಧೆ ಏಳ್ತಾವನ?”

ಅವಳು ಹೌದೆನ್ನಬಹುದಿತ್ತು, ಅಪ್ಪನ ಮಾನ ಉಳಿಯುತ್ತಿತ್ತು. ಇಲ್ಲವೆನ್ನಬಹುದಿತ್ತು, ತನ್ನ ಮಾನ ಉಳಿಯುತ್ತಿತ್ತು. ಅವಳ ತುಟಿ ತೆರೆಯಿತು, ಮುಚ್ಚಿತು. ಸಂಗಮೇಶ ತನ್ನ ಬಾಯಿಗೆ ಚಾದ ಲೋಟವನ್ನು ಅಡ್ಡ ಹಿಡಿದುಕೊಂಡ. ಲೋಟ ಖಾಲಿಯಾಗಿತ್ತು, ಆದರೂ ಹಿಡಿದುಕೊಂಡ.

“ಗಂಧೆ ಏಳಲ್ಲ ಅತ್ತೆ,” ಎಂದಳು ಚೈತ್ರಶ್ರೀ. “ನಿದ್ದೆ ಬರ್ತೈತಿ.”

ಉಚ್ಚಂಗಮ್ಮ ರಿಮೋಟನ್ನು ಮಡಿಲಿನಲ್ಲಿಟ್ಟುಕೊಂಡರು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಯುಗ ಮುಗಿದು ಇನ್ನೊಂದು ಶುರುವಾಗಿರಬೇಕು.

“ನಂಗೂ,” ಎಂದರು.

ಆಮೇಲೆ, ಹಾಗಾದರೆ ದಿನಾ ಎಂತಕ್ಕೆ ಹಾಕುತ್ತಿದ್ದೆ ಎಂದು ಕೇಳಿದರು. ನಿಮಗಿಷ್ಟ ಅಂತ ಎಂದಳು ಅವಳು. ತನಗಿಷ್ಟವೆಂದು ಯಾರು ಹೇಳಿದರು, ತಮ್ಮ ಅತ್ತೆ ಬದುಕಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿದ್ದೇ ಏಳು ಜನ್ಮಕ್ಕೆ ಸಾಲುತ್ತದೆ, ಎಂದರು ಉಚ್ಚಂಗಮ್ಮ. ಮತ್ತೆ ಆ ಕೊಡೆ ಹಿಡಿದು ನಗುವವರು? ಅದನ್ನು ಹಾಕಿದ್ದು ನೀವು, ಎಂದಳು ಸೊಸೆ. ನಿನಗೆ ಅಂತ ಹಾಕಿದೆ, ಎಂದರು ಅತ್ತೆ. ಅಲ್ಲಿಗೆ ನಿಂತಿದ್ದರೆ ಎಲ್ಲರೂ ನಕ್ಕು, ಚಾ ಕುಡಿದು, ಸಂಗಮೇಶ ಗೆದ್ದ ರಾಜನಂತೆ ಶಿಕಾರಿಪುರಕ್ಕೆ ಹಿಂದಿರುಗಬಹುದಿತ್ತು. ಆದರೆ ಉಚ್ಚಂಗಮ್ಮನವರಿಗೆ ಇನ್ನೊಂದು ಸಂಶಯ ಹುಟ್ಟಿತು. ಸಾರಿಗೆ ಅಷ್ಟೊಂದು ಬೆಲ್ಲ ಸುರಿಯುವುದು ಯಾರಿಗೋಸ್ಕರ ಎಂದು ಕೇಳಿದರು. ಈ ಕಡೆಯವರಿಗೆ ಸಿಹಿ ಇಷ್ಟ ಅಂತ ಅವ್ವ ಹೇಳಿ ಕಳಿಸಿದ್ದಳು ಎಂದಳು ಅವಳು. ಒಂದು ವರ್ಷದಿಂದ ಆ ಪಾನಕ ಉಂಡು ನಾಲಗೆ ಸತ್ತುಹೋಗಿದೆ ಎಂದರು ಅವರು, ನೆಲಕ್ಕೆ ನೋವಾಗುವಂಥ ದನಿಯಲ್ಲಿ. ಹಾಗಾದರೆ ಚಾಗೆ ಶುಂಠಿ ಹಾಕಿ ತನ್ನ ಗಂಟಲು ಸುಡುತ್ತಿರುವುದು ಯಾತಕ್ಕೆ ಎಂದಳು ಅವಳು. ನೀನು ಬಂದ ಮಾರನೇ ದಿನ ಕೆಮ್ಮಿದೆಯಲ್ಲ, ಅದಕ್ಕೆ ಎಂದರು ಅವರು. ಆ ದಿನ ಕೆಮ್ಮಿದ್ದು ಊದುಬತ್ತಿ ಹೊಗೆಗೆ ಎಂದಳು ಅವಳು. ಮಾತು ಎದ್ದು ಅಡುಗೆಮನೆಗೆ ನಡೆಯಿತು, ಅವರಿಬ್ಬರೂ ಅದರ ಹಿಂದೆ ಹೋದರು. ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು, ಇದು ನೋಡು, ಇದನ್ನು ಯಾರು ತಿನ್ನುತ್ತಾರೆ ಎನ್ನುವ ಸದ್ದು. ಲೋಕಪ್ಪ ತಮ್ಮ ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ದನಿ ಇಷ್ಟು ಎತ್ತರಕ್ಕೆ ಹೋದದ್ದನ್ನು ಕೇಳಿಲ್ಲವೆಂದು ಪಿಸುಗುಟ್ಟಿ, ಯಾಕೋ ಸಂತೋಷದಿಂದ, ಮೆಲ್ಲಗೆ ರೈಲು ಹಾಕಿಕೊಂಡರು.

ಸಂಗಮೇಶನಿಗೆ ಕೂರಲಾಗಲಿಲ್ಲ. ಬೆಂಕಿ ಹಚ್ಚಿದವನು ನಾನು, ಆರಿಸುವವನೂ ನಾನೇ ಎಂದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋದ. ಬೆಲ್ಲದ ಬಗ್ಗೆ ಅವನ ಬಳಿ ಒಂದು ಅದ್ಭುತವಾದ ಕಥೆಯಿತ್ತು. ಅದನ್ನು ಕೇಳಿ ಕಚ್ಚಾಡುತ್ತಿದ್ದ ಎರಡು ಊರುಗಳೇ ರಾಜಿಯಾಗಿದ್ದವು. ಒಳಗೆ ಇಬ್ಬರೂ ನೆಲದ ಮೇಲೆ ಎದುರುಬದುರಾಗಿ ಕೂತಿದ್ದರು, ನಡುವೆ ಖಾರದ ಪುಡಿ, ಬೆಲ್ಲ, ಉಪ್ಪಿನಕಾಯಿ, ಒಂದು ವರ್ಷದ ಸಕಲ ಸಾಕ್ಷಿಗಳು. ಮಗಳ ಮುಖ ಕೆಂಪಾಗಿತ್ತು, ಮೂಗಿನ ತುದಿ ಬೆವರಿತ್ತು. ಒರೆಸಿಟ್ಟ ತಟ್ಟೆ ಅಲ್ಲಿ ಎಲ್ಲಿಯೂ ಇರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು, ಬೀಗಿತೇರೇ, ಬೆಲ್ಲದ ವಿಷಯ ಬಂದದ್ದರಿಂದ ಹೇಳುತ್ತೇನೆ, ಎಂದು ಶುರುಮಾಡಿದ.

ಚೈತ್ರಶ್ರೀ ಎದ್ದು ಬಂದಳು. ಅವನ ತೋಳು ಹಿಡಿದು, ಅವನ ಜೀವಮಾನದಲ್ಲಿ ಯಾರೂ ತಿರುಗಿಸದಷ್ಟು ಸಲೀಸಾಗಿ, ನಡುಮನೆಯ ಕಡೆಗೆ ತಿರುಗಿಸಿದಳು.

“ಅಪ್ಪಾಜಿ, ನೀವು ಹೊರಡ್ರಿ,” ಎಂದಳು. “ನಮ್ಮದು ಇನ್ನೂ ಮುಗಿದಿಲ್ಲ.”